ಇಲಾಖೆಯ ಮೊದಲ ಮುಖ್ಯಸ್ಥ ರಾಬರ್ಟ್ ಬ್ರೂಸ್ ಫುಟ್: ಗುಹೆಯ ಎಲುಬುಗಳ ಗುರುತು ಹಿಡಿದ ಬಗೆ

ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲ್ಲೂಕುಗಳಲ್ಲಿ ಚಿರೆಕಲ್ಲು, ಕಟ್ಟಡ ಕಲ್ಲು ಮುಂತಾದ ಉಪಖನಿಜಗಳನ್ನು ತೆಗೆಯಲು ಅನುಮತಿ ಕೋರುವ ಸಾರ್ವಜನಿಕರು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ಅರ್ಜಿ ಸಲ್ಲಿಸುತ್ತಾರೆ. ಈ ಇಲಾಖೆಯ ಮೂಲವು 1894ರಲ್ಲಿ ಮೈಸೂರು ಸಂಸ್ಥಾನವು ಸ್ಥಾಪಿಸಿದ ಭೂವಿಜ್ಞಾನ ಇಲಾಖೆಯಾಗಿರುತ್ತದೆ. ಆಗ ಈ ಮೂರೂ ತಾಲ್ಲೂಕುಗಳು ಮುಂಬಯಿ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಗೆ ಸೇರಿದ್ದು, ಮೈಸೂರಿನ ಇಲಾಖೆಯ ವ್ಯಾಪ್ತಿಗೆ ಒಳಪಟ್ಟಿರಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯ ನಂತರವೇ ಒಂದೇ ಆಡಳಿತದಡಿ ಬಂದವು. ಸಂಸ್ಥಾನದ ಆ ಇಲಾಖೆಯ ಮೊದಲ ಮುಖ್ಯಸ್ಥರಾಗಿ ನೇಮಕಗೊಂಡವರು ರಾಬರ್ಟ್ ಬ್ರೂಸ್ ಫುಟ್. ಭಾರತದ ಪ್ರಾಗಿತಿಹಾಸ ಅಧ್ಯಯನದ ಜನಕರೆಂದು ಹೆಸರಾದ ಇವರ ಜೀವನ ವೃತ್ತಾಂತವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನೀಡಲಾಗಿದೆ.

ಫುಟ್ ಅವರ ಹೆಸರನ್ನು ಸಾಮಾನ್ಯವಾಗಿ ಕಲ್ಲಿನ ಕೊಡಲಿಗಳೊಂದಿಗೆ ನೆನೆಯುವುದು ವಾಡಿಕೆ. ಆದರೆ ಅವರ ಬದುಕಿನ ಒಂದು ಮುಖ್ಯ ಭಾಗವು ಎಲುಬುಗಳ ಹಿಂದೆ ಕಳೆಯಿತು. ಗುಹೆಯ ಮಣ್ಣಿನಲ್ಲಿ ಚೂರುಚೂರಾಗಿ ಸಿಕ್ಕ ಎಲುಬು ಯಾವ ಪ್ರಾಣಿಯದು, ಅದನ್ನು ಮುರಿದವರು ಮನುಷ್ಯರೋ ಮೃಗಗಳೋ ಎಂಬ ಪ್ರಶ್ನೆಗೆ ದಕ್ಷಿಣ ಭಾರತದಲ್ಲಿ ಮೊದಲ ಬಾರಿಗೆ ಕ್ರಮಬದ್ಧವಾಗಿ ಉತ್ತರ ಹುಡುಕಿದವರಲ್ಲಿ ಅವರು ಪ್ರಮುಖರು. ಆ ಉತ್ತರದಲ್ಲಿ ಒಂದು ಭಾಗ ನಿಂತಿದೆ, ಇನ್ನೊಂದು ಭಾಗ ಇಂದಿಗೂ ವಿವಾದದಲ್ಲಿದೆ.

ಫುಟ್ ಅವರು 1834ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ ಜನಿಸಿದರು. 1858ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯನ್ನು ಸೇರಿ ಮದರಾಸು ವಿಭಾಗದಲ್ಲಿ ಕೆಲಸ ಆರಂಭಿಸಿದರು. ಶ್ರೀಲಂಕಾ ಮತ್ತು ಮದರಾಸಿನಲ್ಲಿ ನೆಲೆಸಿ ತಮಿಳು ವಿದ್ವಾಂಸರೆನಿಸಿದ್ದ ಪೀಟರ್ ಪರ್ಸಿವಲ್ ಅವರ ಪುತ್ರಿಯನ್ನು ವಿವಾಹವಾದರು. ಆ ಕಾಲದ ಭೂವಿಜ್ಞಾನಿಯ ಕೆಲಸವೆಂದರೆ ವರ್ಷದ ಬಹುಪಾಲು ಡೇರೆಯಲ್ಲಿ ವಾಸ, ಕುದುರೆಯ ಮೇಲೆ ಅಥವಾ ಕಾಲ್ನಡಿಗೆಯಲ್ಲಿ ಸಂಚಾರ, ಹಳ್ಳದ ದಂಡೆ ಮತ್ತು ಬಾವಿಯ ಗೋಡೆಗಳ ಪರೀಕ್ಷೆ. ನಕ್ಷೆಗೆ ಬಣ್ಣ ತುಂಬುವ ಈ ಕೆಲಸದಲ್ಲಿಯೇ ಅವರ ಕಣ್ಣು ಪಳಗಿತು.

1863ರ ಮೇ 30ರಂದು ಮದರಾಸಿನ ಸಮೀಪದ ಪಲ್ಲಾವರಂನಲ್ಲಿ ಜಲ್ಲಿಗಾಗಿ ತೋಡಿದ ಗುಂಡಿಯೊಂದರಲ್ಲಿ ಅವರಿಗೆ ಮನುಷ್ಯರು ಕಡಿದು ರೂಪಿಸಿದ ಕಲ್ಲಿನ ಕೊಡಲಿ ದೊರಕಿತು. ಗುಂಡಿಯಲ್ಲಿದ್ದುದು ಜಂಬಿಟ್ಟಿಗೆಯ ಜಲ್ಲಿ. ಶಿರಸಿ ಸೀಮೆಯವರಿಗೆ ಚಿರೆಕಲ್ಲಿನ ಗಣಿಯಲ್ಲಿ ದಿನನಿತ್ಯ ಕಾಣುವ ಕೆಂಪು ಕಲ್ಲಿನ ಜಾತಿಯದೇ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಂದಿಗೆ ಅತ್ತಿರಂಪಾಕ್ಕಂ ಎಂಬಲ್ಲಿ ಇನ್ನೂ ಅನೇಕ ಆಯುಧಗಳನ್ನು ಕಂಡರು. ಭಾರತದಲ್ಲಿ ಅತಿ ಪ್ರಾಚೀನ ಕಾಲದಲ್ಲಿಯೇ ಮನುಷ್ಯರಿದ್ದರೆಂಬುದು ಹೀಗೆ ಸ್ಥಿರಪಟ್ಟಿತು. ಪಲ್ಲಾವರಂನ ಕೊಡಲಿ ದೊರೆತಾಗ ಫುಟ್ ಅವರಿಗೆ 28 ವರ್ಷ.

ಆದರೆ ಕಲ್ಲು ಸಿಕ್ಕಿತೇ ಹೊರತು ಅದನ್ನು ಹಿಡಿದ ಕೈಯ ಎಲುಬು ಸಿಗಲಿಲ್ಲ. ಇದಕ್ಕೆ ಕಾರಣವು ಮಲೆನಾಡಿನ ಜನರಿಗೆ ಸುಲಭವಾಗಿ ಅರ್ಥವಾಗತಕ್ಕದ್ದು. ಎಲುಬಿನ ತೂಕದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಸುಣ್ಣದ ಅಂಶವುಳ್ಳ ಖನಿಜವಿರುತ್ತದೆ. ಮಳೆಯ ನೀರು ಕಾಡಿನ ಕೊಳೆತ ಎಲೆಗಳ ನಡುವೆ ಇಳಿಯುವಾಗ ಹುಳಿಯ ಗುಣವನ್ನು ಪಡೆಯುತ್ತದೆ ಮತ್ತು ಮಣ್ಣಿನಲ್ಲಿರುವ ಸುಣ್ಣವನ್ನು ಕರಗಿಸಿ ಒಯ್ಯುತ್ತದೆ. ಜಂಬಿಟ್ಟಿಗೆಯ ನೆಲವು ಹೀಗೆ ಯುಗಗಳ ಕಾಲ ತೊಳೆದುಹೋಗಿ ಉಳಿದ ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶದ ನೆಲವಾಗಿದೆ. ಅದರಲ್ಲಿ ಹೂತ ಎಲುಬು ಬಹುಕಾಲ ಉಳಿಯಲಾರದು. ಸಿದ್ದಾಪುರದ ತೋಟದ ಮಣ್ಣಿನಲ್ಲಿ ಹೂತುಹಾಕಿದ ದನದ ಎಲುಬು ಕೆಲವೇ ದಶಕಗಳಲ್ಲಿ ಮೆತ್ತಗಾಗುವುದನ್ನು ಕೃಷಿಕರು ಕಂಡಿರಬಹುದು. ಹತ್ತಾರು ಸಾವಿರ ವರ್ಷಗಳ ಮಾತು ಹೇಳಬೇಕಾಗಿಲ್ಲ. ಸುಣ್ಣಕಲ್ಲಿನ ಗುಹೆಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ತೊಟ್ಟಿಕ್ಕುವ ನೀರೇ ಸುಣ್ಣವನ್ನು ತಂದು ಎಲುಬಿನ ಮೇಲೆ ಲೇಪಿಸುತ್ತದೆ, ಮಣ್ಣನ್ನು ಗಟ್ಟಿ ಪದರವಾಗಿ ಮುಚ್ಚುತ್ತದೆ. 1858ರಲ್ಲಿ ಇಂಗ್ಲೆಂಡಿನ ಬ್ರಿಕ್ಸ್‌ಹ್ಯಾಮ್ ಗುಹೆಯಲ್ಲಿ ಇಂತಹ ಸುಣ್ಣದ ಪದರದ ಕೆಳಗೆ ನಶಿಸಿಹೋದ ಪ್ರಾಣಿಗಳ ಎಲುಬುಗಳೊಂದಿಗೆ ಕಲ್ಲಿನ ಆಯುಧಗಳು ಸಿಕ್ಕಿದ್ದವು. ಅಂತಹ ಗುಹೆಯು ದಕ್ಷಿಣ ಭಾರತದಲ್ಲಿಯೂ ದೊರೆತೀತೇ ಎಂಬುದು ಆ ತಲೆಮಾರಿನ ವಿಜ್ಞಾನಿಗಳ ಕುತೂಹಲವಾಗಿತ್ತು.

ಗುಹೆಗಳಿಗೆ ಹೋಗುವ ಮೊದಲೇ ಫುಟ್ ಅವರು ಕನ್ನಡ ನಾಡಿನಲ್ಲಿ ಎಲುಬಿನ ಪಾಠವನ್ನು ಕಲಿತಿದ್ದರು. ಬೆಳಗಾವಿ, ಕಲಾದಗಿ ಮತ್ತು ಧಾರವಾಡ ಪ್ರದೇಶಗಳ ಸರ್ವೇಕ್ಷಣೆಯ ಕಾಲದಲ್ಲಿ, ಗೋಕಾಕದ ಸಮೀಪ ಅವರು ಚಿಕ್‌ದೌಲಿ ಎಂದು ಬರೆದಿರುವ ಗ್ರಾಮದ ಬಳಿ ಘೇಂಡಾಮೃಗದ ಅವಶೇಷಗಳು ದೊರಕಿದವು. ಇಂದು ಈ ಪ್ರಾಣಿಯನ್ನು ನೋಡಬೇಕೆಂದರೆ ಅಸ್ಸಾಮಿಗೆ ಹೋಗಬೇಕು. ಘಟಪ್ರಭೆಯ ಬಯಲಿನಲ್ಲಿ ಅದು ಮೇಯುತ್ತಿತ್ತೆಂಬುದನ್ನು ಅಲ್ಲಿನ ರೈತರಿಗೆ ಆಗ ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೆಂದು ತೋರುವುದಿಲ್ಲ. ಫುಟ್ ಅವರು ಈ ಅವಶೇಷಗಳನ್ನು ಸ್ವತಃ ಅಧ್ಯಯನ ಮಾಡಿ 1874ರಲ್ಲಿ ಪ್ರಕಟಿಸಿದರು ಮತ್ತು ದಖ್ಖನ್ನಿನ ಹೆಸರನ್ನೇ ಸೇರಿಸಿ ರೈನೋಸೆರಸ್ ಡೆಕ್ಕನೆನ್ಸಿಸ್ ಎಂದು ಹೊಸ ಜಾತಿಯಾಗಿ ಹೆಸರಿಟ್ಟರು. 1876ರಲ್ಲಿ ಆ ಇಡೀ ಪ್ರದೇಶದ ಭೂರಚನೆಯನ್ನು ಕುರಿತ ಅವರ ಗ್ರಂಥವು ಹೊರಬಂದಿತು. ಮುಂದೆ ಅವರು ಧಾರವಾಡ ಶಿಲಾಸಮೂಹವೆಂದು ಹೆಸರಿಸಿದ ಪ್ರಾಚೀನ ಶಿಲೆಗಳ ಪಟ್ಟಿಯು ಶಿವಮೊಗ್ಗದಿಂದ ಗೋವೆಯವರೆಗೆ ಹಬ್ಬಿದ್ದು, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ನೆಲವೂ ಅದರ ದಾರಿಯಲ್ಲಿಯೇ ಇರುತ್ತದೆ.

ಇಂತಹ ಅವಶೇಷಗಳನ್ನು ಗುರುತಿಸುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರಿಸುವುದು ಉಚಿತ. ಪ್ರಾಚೀನ ನೆಲೆಯಲ್ಲಿ ಪೂರ್ಣ ಅಸ್ಥಿಪಂಜರ ಸಿಗುವುದು ಅಪರೂಪ; ಸಿಗುವುದು ಬೆರಳುದ್ದದ ಚೂರುಗಳು. ಉದ್ದನೆಯ ಎಲುಬಿನ ನಡುಭಾಗದ ಚೂರಿನಿಂದ ಪ್ರಾಣಿಯು ದೊಡ್ಡದೋ ಚಿಕ್ಕದೋ ಎಂಬುದಕ್ಕಿಂತ ಹೆಚ್ಚು ಹೇಳುವುದು ಕಷ್ಟ. ಆದುದರಿಂದ ಪರಿಣತರು ಮೊದಲು ಹಲ್ಲುಗಳನ್ನು ಹುಡುಕುತ್ತಾರೆ. ಹಲ್ಲಿನ ಹೊರಕವಚವು ದೇಹದ ಅತಿ ಗಟ್ಟಿಯಾದ ಭಾಗವಾದ್ದರಿಂದ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ, ಮತ್ತು ಅಗಿಯುವ ಮೇಲ್ಮೈಯ ಮಡಿಕೆಗಳು ಪ್ರತಿ ಪ್ರಾಣಿಗೂ ಬೇರೆಯಾಗಿರುತ್ತವೆ. ಘೇಂಡಾಮೃಗದ ದವಡೆ ಹಲ್ಲನ್ನು ಕುದುರೆಯ ಹಲ್ಲೆಂದು ತಿಳಿಯುವ ಸಂಭವ ಕಡಿಮೆ. ಆದರೆ ಎಮ್ಮೆ, ದನ ಮತ್ತು ಕಾಡುಕೋಣಗಳ ಹಲ್ಲುಗಳನ್ನು ಬೇರ್ಪಡಿಸುವುದು ಪರಿಣತರಿಗೂ ಪರೀಕ್ಷೆಯೇ. ಹಲ್ಲಿನ ನಂತರ ಕೀಲುಗಳ ಬಳಿಯ ಸಣ್ಣ ಗಟ್ಟಿ ಎಲುಬುಗಳು ಉಪಯೋಗಕ್ಕೆ ಬರುತ್ತವೆ. ಇದಕ್ಕೆಲ್ಲ ಹೋಲಿಕೆಗಾಗಿ ಇಂದಿನ ಪ್ರಾಣಿಗಳ ಎಲುಬಿನ ಸಂಗ್ರಹವು ಕೈಗೆ ಎಟುಕುವಂತಿರಬೇಕು. ಡೇರೆಯಲ್ಲಿ ಕುಳಿತ ಭೂವಿಜ್ಞಾನಿಗೆ ಅಂತಹ ಅನುಕೂಲವಿರಲಿಲ್ಲ.

ಗುಹೆಗಳ ಅವಕಾಶವು 1883ರಲ್ಲಿ ಒದಗಿತು. ಕರ್ನೂಲು ಸೀಮೆಯ ಬೇತಂಚೆರ್ಲ ಸಮೀಪ, ಇಂದಿನ ನಂದ್ಯಾಲ ಜಿಲ್ಲೆಗೆ ಸೇರಿದ ಬಿಲ್ಲಸ್ವರ್ಗಂ ಎಂಬ ಸುಣ್ಣಕಲ್ಲಿನ ಗುಹೆಗಳಲ್ಲಿ ಎಲುಬುಗಳಿರುವುದನ್ನು ಕ್ಯಾಪ್ಟನ್ ನ್ಯೂಬೋಲ್ಡ್ ಎಂಬ ಸೇನಾಧಿಕಾರಿಯು 1844ರಲ್ಲಿಯೇ ಪ್ರಕಟಿಸಿದ್ದರು. ನಾಲ್ಕು ದಶಕಗಳ ಕಾಲ ಯಾರೂ ಅದರತ್ತ ಗಮನ ಕೊಡಲಿಲ್ಲ. ಇಂಗ್ಲೆಂಡಿನ ಪ್ರಸಿದ್ಧ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿಯವರು ಮದರಾಸಿನ ಗವರ್ನರ್ ಗ್ರಾಂಟ್ ಡಫ್ ಅವರಿಗೆ ಸಲಹೆ ನೀಡಿದ ಮೇಲೆ ಈ ಕೆಲಸವು ಫುಟ್ ಅವರಿಗೆ ವಹಿಸಲ್ಪಟ್ಟಿತು. ಅವರು ಗುಹೆಗಳನ್ನು ಪತ್ತೆಮಾಡಿ ಪ್ರಾರಂಭದ ಅಗೆತವನ್ನು ನಡೆಸಿದರು. ನಂತರ ಅವರ ಮಗ, ಸೇನೆಯ ಫಿರಂಗಿ ದಳದಲ್ಲಿ ಲೆಫ್ಟಿನೆಂಟ್ ಆಗಿದ್ದ ಹೆನ್ರಿ ಬ್ರೂಸ್ ಫುಟ್ ಅವರು ಸ್ಥಳದಲ್ಲಿಯೇ ನಿಂತು 1884 ಮತ್ತು 1885ರಲ್ಲಿ ಉತ್ಖನನವನ್ನು ಮುಂದುವರಿಸಿದರು. ತಂದೆಯು ಮಗನ ವರದಿಗಳನ್ನು ಪರಿಶೀಲಿಸಿ ಸರ್ವೇಕ್ಷಣಾ ಸಂಸ್ಥೆಯ ದಾಖಲೆಗಳಲ್ಲಿ ಪ್ರಕಟಿಸಿದರು. ಒಂದೊಂದು ಗುಹೆಗೂ ಅವರು ಕೊಟ್ಟ ಹೆಸರುಗಳಲ್ಲಿ ಸ್ವಲ್ಪ ವಿನೋದವೂ ಇದೆ: ಎತ್ತರದ ಕಮಾನುಳ್ಳದ್ದು ಕ್ಯಾಥೆಡ್ರಲ್, ಎಲುಬುಗಳ ರಾಶಿಯಿದ್ದದ್ದು ಚಾರ್ನೆಲ್ ಹೌಸ್ ಅಂದರೆ ಅಸ್ಥಿಗೃಹ, ಮತ್ತೊಂದು ಪರ್ಗೆಟರಿ. ಸ್ವರ್ಗವೆಂಬ ಹೆಸರುಳ್ಳ ಸ್ಥಳದಲ್ಲಿ ಪಾಪ ತೊಳೆಯುವ ಲೋಕಕ್ಕೂ ಒಂದು ಗುಹೆ ದೊರೆಯಿತು.

ಮಣ್ಣನ್ನು ಪದರ ಪದರವಾಗಿ ತೆಗೆದು, ಯಾವ ಎಲುಬು ಯಾವ ಗುಹೆಯ ಯಾವ ಆಳದಲ್ಲಿ ಸಿಕ್ಕಿತೆಂಬುದನ್ನು ಬರೆದಿಟ್ಟುದು ಈ ಕೆಲಸದ ಹೆಚ್ಚಿನ ಗುಣವೆಂದು ಹೇಳಬೇಕು. ಆ ಕಾಲದ ಭಾರತದಲ್ಲಿ ಇಷ್ಟು ಎಚ್ಚರಿಕೆಯು ಸಾಮಾನ್ಯವಾಗಿರಲಿಲ್ಲ. ಎಲುಬುಗಳ ಗುರುತಿಸುವಿಕೆಯನ್ನು ರಿಚರ್ಡ್ ಲಿಡೆಕ್ಕರ್ ಎಂಬ ಪ್ರಾಣಿ ಅವಶೇಷಗಳ ತಜ್ಞರಿಗೆ ಒಪ್ಪಿಸಲಾಯಿತು. ಇವರು ಹಿಂದೆ ಭಾರತದ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದು ಶಿವಾಲಿಕ ಬೆಟ್ಟಗಳ ಪಳೆಯುಳಿಕೆಗಳ ಮೇಲೆ ಅಧಿಕಾರಯುತವಾಗಿ ಬರೆದವರು. 1886ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಕರ್ನೂಲಿನ ಹೆಸರನ್ನು ಹೊತ್ತ ಒಂದು ಘೇಂಡಾಮೃಗ, ಒಂದು ಹಂದಿ, ಒಂದು ಪುನುಗುಬೆಕ್ಕು ಮತ್ತು ದಪ್ಪ ಹಲ್ಲಿನ ಒಂದು ಮುಳ್ಳುಹಂದಿ ಹೊಸ ಜಾತಿಗಳಾಗಿ ದಾಖಲಾದವು. ಇಂದು ಆಫ್ರಿಕದಲ್ಲಿ ಮಾತ್ರ ಉಳಿದಿರುವ ಚುಕ್ಕೆಗಳ ಕತ್ತೆಕಿರುಬದಂತಹ ಪ್ರಾಣಿಗಳನ್ನೂ ಅವರು ಪಟ್ಟಿಯಲ್ಲಿ ಸೇರಿಸಿ, ಪ್ರಾಚೀನ ದಕ್ಷಿಣ ಭಾರತಕ್ಕೂ ಆಫ್ರಿಕಕ್ಕೂ ಪ್ರಾಣಿಸಂಬಂಧವನ್ನು ಸೂಚಿಸಿದರು.

ಫುಟ್ ಅವರಿಗೆ ಮುಖ್ಯವಾಗಿದ್ದ ಪ್ರಶ್ನೆ ಮನುಷ್ಯರನ್ನು ಕುರಿತದ್ದು. ಕ್ಯಾಥೆಡ್ರಲ್ ಗುಹೆಯಿಂದ ಬಂದ ಎಲುಬಿನ ಚೂರುಗಳಲ್ಲಿ ಸುಮಾರು 200 ತುಂಡುಗಳನ್ನು ಮನುಷ್ಯರು ಕೆತ್ತಿ, ಉಜ್ಜಿ ಮಾಡಿದ ಉಪಕರಣಗಳೆಂದು ಅವರು ಗುರುತಿಸಿದರು: ಮೊನಚು ಮಾಡಿದ ದಬ್ಬಳ, ಬಾಣದ ಮೊನೆ, ಹೆರೆಯುವ ಅಂಚು ಇತ್ಯಾದಿ. ಇದು ಸರಿಯಾಗಿದ್ದರೆ ನಶಿಸಿದ ಮೃಗಗಳ ಕಾಲದಲ್ಲಿ ಆ ಗುಹೆಗಳಲ್ಲಿ ಜನರು ನೆಲೆಸಿದ್ದರೆಂದು ತೀರ್ಮಾನವಾಗುತ್ತಿತ್ತು. ತಪ್ಪಾಗಿದ್ದರೆ ಅದು ಮೃಗಗಳ ಬಿಲವಷ್ಟೇ.

ಇಲ್ಲಿಯೇ ತೊಡಕು. ಕಾಡಂಚಿನಲ್ಲಿ ವಾಸಿಸುವವರಿಗೆ ತಿಳಿದಿರುವಂತೆ ಮುಳ್ಳುಹಂದಿಯು ಹಲ್ಲನ್ನು ಸವೆಸಿಕೊಳ್ಳಲು ಮತ್ತು ಸುಣ್ಣದ ಅಂಶಕ್ಕಾಗಿ ಒಣ ಎಲುಬುಗಳನ್ನು ಬಿಲಕ್ಕೆ ಹೊತ್ತೊಯ್ದು ಕಡಿಯುತ್ತದೆ. ಹಾಗೆ ಕಡಿದ ಎಲುಬಿನ ಅಂಚು ಉಳಿಯಿಂದ ಹೆರೆದಂತೆ ನಯವಾಗಿ ಕಾಣುತ್ತದೆ. ಕಲ್ಲಿನ ಅಂಚಿನಿಂದ ಮಾಂಸ ಕೊಯ್ದ ಗೀರು ಕಿರಿದಾಗಿ, ತಳದಲ್ಲಿ ಚೂಪಾಗಿ ಇರುತ್ತದೆ. ಮುಳ್ಳುಹಂದಿಯ ಹಲ್ಲಿನ ಗೀರು ಅಗಲವಾಗಿ, ತಳ ಚಪ್ಪಟೆಯಾಗಿ, ಒಂದರ ಪಕ್ಕ ಒಂದು ಸಾಲಾಗಿ ಇರುತ್ತದೆ. ಕತ್ತೆಕಿರುಬದ ಹಲ್ಲು ಕುಳಿಗಳನ್ನು ಬಿಡುತ್ತದೆ. ಹಸಿ ಎಲುಬು ಮುರಿದರೆ ಸುರುಳಿಯಾಗಿ ಸೀಳುತ್ತದೆ, ಒಣಗಿದ ಎಲುಬು ಅಡ್ಡಡ್ಡಲಾಗಿ ತುಂಡಾಗುತ್ತದೆ. ಇಂದು ಇವೆಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ನಿರ್ಣಯಿಸುತ್ತಾರೆ. 1885ರಲ್ಲಿ ಇಂತಹ ಪರೀಕ್ಷೆಯು ರೂಢಿಯಲ್ಲಿರಲಿಲ್ಲ. ಫುಟ್ ಅವರ ಎಲುಬಿನ ಉಪಕರಣಗಳ ಸಂಗ್ರಹವು ನಂತರದ ಸಂಶೋಧಕರಿಗೆ ಮರುಪರೀಕ್ಷೆಗೆ ದೊರೆಯಲಿಲ್ಲ. ಆದುದರಿಂದ ಅವರ 200 ತುಂಡುಗಳ ಪೈಕಿ ಎಷ್ಟು ಮನುಷ್ಯರವು, ಎಷ್ಟು ಮುಳ್ಳುಹಂದಿಯವು ಎಂಬುದು ಇತ್ಯರ್ಥವಾಗದೆ ಉಳಿಯಿತು. ವಸ್ತುವು ಕೈತಪ್ಪಿದರೆ ಎಷ್ಟೇ ಪ್ರಾಮಾಣಿಕನ ಮಾತಾದರೂ ಸಾಕ್ಷಿಯಾಗಿ ನಿಲ್ಲುವುದಿಲ್ಲ.

ಫುಟ್ ಅವರು ಸಂಪೂರ್ಣವಾಗಿ ತಪ್ಪಿದ್ದರೆಂದು ಹೇಳುವಂತೆಯೂ ಇಲ್ಲ. 1970ರ ದಶಕದಲ್ಲಿ ಎಂ.ಎಲ್.ಕೆ. ಮೂರ್ತಿಯವರು ಅದೇ ಸೀಮೆಯ ಮುಚ್ಚಟ್ಲ ಚಿಂತಮಾನು ಗವಿಯಲ್ಲಿ ಅಗೆದಾಗ ಕಲ್ಲಿನ ಮತ್ತು ಎಲುಬಿನ ಉಪಕರಣಗಳು ಹಾಗೂ ಒಲೆಯ ಕುರುಹು ಸಿಕ್ಕವು. ಆ ಒಲೆಯ ಕಾಲವು ಸುಮಾರು 17,000 ವರ್ಷಗಳ ಹಿಂದಿನದೆಂದು ನಿರ್ಣಯಿಸಲಾಯಿತು. ಆ ಗವಿಗಳ ನಾಡಿನಲ್ಲಿ ಮನುಷ್ಯರು ಬೆಂಕಿ ಹಚ್ಚಿ ಬದುಕಿದ್ದುದು ಹೀಗೆ ಖಚಿತವಾಯಿತು. ಬಿಲ್ಲಸ್ವರ್ಗಂ ಗುಹೆಗಳನ್ನೂ ಹೊಸ ವಿಧಾನಗಳಿಂದ ಮತ್ತೆ ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವು, ಗುರುತಿಸಲಾದ 21 ಬಗೆಯ ಸಸ್ತನಿಗಳ ಪೈಕಿ 20 ಬಗೆಗಳು ಕನಿಷ್ಠ ಒಂದು ಲಕ್ಷ ವರ್ಷಗಳಿಂದ ಇಂದಿನವರೆಗೂ ಉಪಖಂಡದಲ್ಲಿ ಮುಂದುವರಿದು ಬಂದಿವೆಯೆಂದು ತೋರಿಸಿತು. ಇತರ ಖಂಡಗಳಲ್ಲಿ ದೊಡ್ಡ ಪ್ರಾಣಿಗಳು ಸಾಲಾಗಿ ಅಳಿದುಹೋದ ಅವಧಿಯಲ್ಲಿ ಇಲ್ಲಿ ಬಹುಮಟ್ಟಿಗೆ ಉಳಿದವೆಂಬುದು ಈ ಅಧ್ಯಯನದಿಂದ ತಿಳಿದ ವಿಷಯ. ಇದು ಸಾಧ್ಯವಾದದ್ದು ಗುಹೆಗಳಲ್ಲಿ ಅಗೆಯದೆ ಬಿಟ್ಟ ಮಣ್ಣು ಇನ್ನೂ ಇದ್ದುದರಿಂದ.

ಕರ್ನಾಟಕದಲ್ಲಿ ಫುಟ್ ಅವರ ಕಾಣಿಕೆಯು ಬಳ್ಳಾರಿ ಜಿಲ್ಲೆಯಲ್ಲಿ ಎದ್ದು ಕಾಣುತ್ತದೆ. ಸಂಗನಕಲ್ಲು, ಕುಪ್ಪಗಲ್ಲುಗಳ ನವಶಿಲಾಯುಗದ ನೆಲೆಗಳನ್ನು ಅವರು ವಿವರವಾಗಿ ದಾಖಲಿಸಿದರು. ಕುಡತಿನಿ ಮುಂತಾದೆಡೆಯ ಬೂದಿದಿಬ್ಬಗಳು ರಾಕ್ಷಸರ ಎಲುಬು ಸುಟ್ಟ ಬೂದಿಯೆಂದು ಜನರು ನಂಬಿದ್ದರು. ಅದು ಸುಟ್ಟ ಸಗಣಿಯೆಂದು ಫುಟ್ ಅವರು ಮನಗಂಡರು, ಮತ್ತು 20ನೆಯ ಶತಮಾನದ ಪರೀಕ್ಷೆಗಳು ಇದನ್ನು ಸಮರ್ಥಿಸಿದವು. ಎಲುಬೆಂದು ತಿಳಿದದ್ದು ಎಲುಬಲ್ಲವೆಂದು ಗುರುತಿಸುವುದೂ ಈ ವಿದ್ಯೆಯ ಭಾಗವೇ ಆಗಿದೆ. ಅವರ ನಂತರದ ಕಾಲದಲ್ಲಿ ಕನ್ನಡ ನಾಡಿನ ಉತ್ಖನನಗಳ ಎಲುಬುಗಳನ್ನು ಪಶುವೈದ್ಯ ಡಾ. ಕೆ.ಆರ್. ಆಲೂರ ಅವರು ಪರೀಕ್ಷಿಸಿದರು. ಶಿರಸಿಯಿಂದ ಪೂರ್ವಕ್ಕೆ ನೆರೆಯ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಎಂ.ಎಸ್. ನಾಗರಾಜರಾವ್ ಅವರು 1965ರಲ್ಲಿ ನಡೆಸಿದ ಉತ್ಖನನದ ಚೂರುಗಳಲ್ಲಿ ಅವರು ಕುದುರೆಯ ಎಲುಬುಗಳನ್ನು ಗುರುತಿಸಿದಾಗ, ಅಷ್ಟು ಹಿಂದೆ ದಕ್ಷಿಣದಲ್ಲಿ ಕುದುರೆಯಿತ್ತೇ ಎಂಬ ವಾದವು ಇತಿಹಾಸಕಾರರಲ್ಲಿ ದೀರ್ಘಕಾಲ ನಡೆಯಿತು. ಕೆಲವೇ ತುಂಡುಗಳ ಮೇಲೆ ನಿಂತ ವಾದವಾದ್ದರಿಂದ ಅದು ಇನ್ನೂ ತಣ್ಣಗಾಗಿಲ್ಲ.

1891ರಲ್ಲಿ ಸರ್ವೇಕ್ಷಣಾ ಸಂಸ್ಥೆಯಿಂದ ನಿವೃತ್ತರಾದ ಫುಟ್ ಅವರು ಬರೋಡಾ ಸಂಸ್ಥಾನದಲ್ಲಿ ಕೆಲಕಾಲ ಸೇವೆ ಸಲ್ಲಿಸಿದರು. 1894ರಲ್ಲಿ, ಅರವತ್ತರ ವಯಸ್ಸಿನಲ್ಲಿ, ಮೈಸೂರಿನ ಹೊಸ ಇಲಾಖೆಯನ್ನು ಕಟ್ಟುವ ಹೊಣೆಯನ್ನು ಒಪ್ಪಿಕೊಂಡರು. ಚಿನ್ನದ ಗಣಿಗಾರಿಕೆಯಿಂದ ಸಂಸ್ಥಾನಕ್ಕೆ ಆದಾಯ ಬರುತ್ತಿದ್ದ ದಿನಗಳವು. ಧಾರವಾಡ ಶಿಲೆಗಳಲ್ಲಿ ಚಿನ್ನದ ಎಳೆಗಳಿರುವುದನ್ನು ತೋರಿಸಿಕೊಟ್ಟವರೂ ಫುಟ್ ಅವರೇ. ಅವರ ನಂತರ ಡಬ್ಲ್ಯೂ.ಎಫ್. ಸ್ಮೀತ್ ಅವರು ಇಲಾಖೆಯನ್ನು ಮುನ್ನಡೆಸಿದರು.

ಗಣಿ ಅಥವಾ ಬಾವಿಯನ್ನು ತೋಡುವಾಗ, ಗುಹೆ ಇಲ್ಲವೆ ಬಂಡೆಯ ಪೊಟರೆಗಳಲ್ಲಿ ಹಳೆಯ ಎಲುಬು, ಕಲ್ಲಿನ ಆಯುಧ ಅಥವಾ ಮಡಕೆ ಚೂರುಗಳು ಕಂಡುಬಂದಲ್ಲಿ ಅವುಗಳನ್ನು ತೊಳೆಯದೆ, ಕೀಳದೆ, ಇದ್ದ ಸ್ಥಳದಲ್ಲಿಯೇ ಬಿಟ್ಟು ತಹಶೀಲ್ದಾರರ ಕಚೇರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸಲು ಸಾರ್ವಜನಿಕರಲ್ಲಿ ಕೋರಲಾಗಿದೆ. ಮನುಷ್ಯರ ಎಲುಬೆಂಬ ಸಂಶಯವಿದ್ದಲ್ಲಿ ಮೊದಲು ಪೊಲೀಸ್ ಠಾಣೆಗೆ ಮಾಹಿತಿ ನೀಡತಕ್ಕದ್ದು. ಮಳೆ ಹೆಚ್ಚಾದ ಈ ಮೂರು ತಾಲ್ಲೂಕುಗಳಲ್ಲಿ ಪ್ರಾಚೀನ ಎಲುಬು ಉಳಿದಿರುವ ಸಂಭವ ವಿರಳ. ವಿರಳವಾದುದರಿಂದಲೇ ಸಿಕ್ಕ ಒಂದು ಹಲ್ಲಿಗೂ ಬೆಲೆಯಿರುತ್ತದೆ. ಅದು ಯಾವ ಆಳದಲ್ಲಿ, ಯಾವ ಮಣ್ಣಿನಲ್ಲಿ ಇತ್ತೆಂಬುದು ತಿಳಿಯದಿದ್ದರೆ ಪ್ರಾಣಿಯ ಹೆಸರು ಹೇಳಬಹುದು, ಕಾಲವನ್ನು ಹೇಳಲಾಗುವುದಿಲ್ಲ.

ಕೊನೆಯ ವರ್ಷಗಳನ್ನು ಫುಟ್ ಅವರು ಏರ್ಕಾಡಿನ ಬೆಟ್ಟದಲ್ಲಿ ತಮ್ಮ ಸಂಗ್ರಹದ ಪಟ್ಟಿಯನ್ನು ಬರೆಯುತ್ತ ಕಳೆದರು. ನಾಲ್ಕು ದಶಕಗಳಲ್ಲಿ 450ಕ್ಕೂ ಹೆಚ್ಚು ಪ್ರಾಗೈತಿಹಾಸಿಕ ನೆಲೆಗಳಿಂದ ಕೂಡಿಸಿದ ವಸ್ತುಗಳನ್ನು ಮದರಾಸು ಸರ್ಕಾರವು 1904ರಲ್ಲಿ ಖರೀದಿಸಿ ವಸ್ತುಸಂಗ್ರಹಾಲಯದಲ್ಲಿ ಇರಿಸಿತು. 1912ರ ಡಿಸೆಂಬರ್ 29ರಂದು ಅವರು ಕಲ್ಕತ್ತೆಯಲ್ಲಿ ನಿಧನರಾದರು. ಪಟ್ಟಿಯು ಅವರ ಮರಣಾನಂತರ, 1914ರಲ್ಲಿ ಒಂದು ಮತ್ತು 1916ರಲ್ಲಿ ಇನ್ನೊಂದು ಸಂಪುಟವಾಗಿ ಅಚ್ಚಾಯಿತು. ಅವರು ಜೀವನಪರ್ಯಂತ ಹುಡುಕಿದ ಆ ಪ್ರಾಚೀನ ಮನುಷ್ಯರ ತಲೆಬುರುಡೆಯ ಭಾಗವೊಂದು ನರ್ಮದಾ ನದಿಯ ದಂಡೆಯ ಹಥನೋರಾ ಗ್ರಾಮದಲ್ಲಿ 1982ರಲ್ಲಿ ಸಿಕ್ಕಿತು. ಅದನ್ನು ಕಂಡುಹಿಡಿದ ಅರುಣ್ ಸೋನಕಿಯಾ ಅವರು ಫುಟ್ ಅವರು 33 ವರ್ಷ ದುಡಿದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರೇ ಆಗಿದ್ದರು.